ಪದ ಬೇಕು: ಸೈಕಲ್ಲಿನ ‘ಕಾಟರ್ ಪಿನ್’ಗೆ ಕನ್ನಡದಲ್ಲಿ ಏನು? ಶನಿವಾರ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತದೆ

ದಾವಣಗೆರೆಯಿಂದ, ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಮಂಡಿಪೇಟೆ ಹತ್ತಿರ ನಮ್ಮ ಮಾವನ ಸೈಕಲ್ ಶಾಪ್ ಇದೆ. ಈಗೀಗ ಹಳೆಯ ಸೈಕಲ್ಲುಗಳು ರಿಪೇರಿಗೆ ಜಾಸ್ತಿ ಬರುತ್ತಿವೆ. ಅಜ್ಜ ಕಾಟನ್ ಮಿಲ್ಲಿಗೆ ತುಳಿದುಕೊಂಡು ಹೋಗುತ್ತಿದ್ದ ಹರ್ಕ್ಯುಲಿಸ್, ಅಟ್ಟದ ಮೇಲೆ ಮಲಗಿದ್ದ ರ‍್ಯಾಲೆ, ಇಂಥವು. ನೋಡಲು ಹಳೆಯದಾಗಿಯೇ ಇರಲಿ, ಒಳಗೆ ಹೊಸ ಪಾರ್ಟ್ಸ್ ಹಾಕಿಕೊಡಿ ಎನ್ನುತ್ತಾರೆ. ಶಾಪಿನಲ್ಲಿ ಕೆಲಸ ಕಲಿಯುವ ಹುಡುಗರು ಇಬ್ಬರು. ಇಬ್ಬರೂ ಕನ್ನಡ ಮಾತ್ರ ಸಲೀಸಾಗಿ ಓದುತ್ತಾರೆ. ಅವರಿಗೆಂದು ಗೋಡೆಗೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ಯಾವ ಕ್ರ್ಯಾಂಕಿಗೆ (ಪೆಡಲ್ ಹಿಡಿದಿರುವ ತೋಳು) ಯಾವ ಸಾಮಾನು, ಯಾವ ಟೂಲ್ ಎಂದು.

ಸಿಕ್ಕಿಕೊಂಡಿರುವುದು ಕಾಟರ್ ಪಿನ್ ಹತ್ತಿರ. ಹಳೆಯ ಕಬ್ಬಿಣದ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿಸುವ ಸಣ್ಣ ದುಂಡು ಕಡ್ಡಿ ಅದು. ಒಂದು ಮಗ್ಗುಲು ಓರೆಯಾಗಿ ಉಜ್ಜಿರುತ್ತದೆ. ತುದಿಯಲ್ಲಿ ನಟ್ಟು. ‘ಕಾಟರ್ ಪಿನ್’ ಎಂದೇ ಬಿಡೋಣವೆಂದರೆ ಒಂದು ತೊಂದರೆ ಇದೆ. ಬ್ರಿಟಿಷರು ಇದಕ್ಕೆ ಆ ಹೆಸರು ಹೇಳುತ್ತಾರೆ. ಅಮೆರಿಕದವರು ಅದೇ ಹೆಸರನ್ನು ತೂತಿಗೆ ತೂರಿಸಿ ಕಾಲು ಬಗ್ಗಿಸುವ ಸ್ಪ್ಲಿಟ್ ಪಿನ್ನಿಗೆ ಹೇಳುತ್ತಾರೆ. ಹೋದ ತಿಂಗಳು ನಮ್ಮ ಹುಡುಗ ಮೊಬೈಲಿನಲ್ಲಿ ಕಾಟರ್ ಪಿನ್ ಆರ್ಡರ್ ಮಾಡಿದ. ಚೀಲದ ತುಂಬ ಸ್ಪ್ಲಿಟ್ ಪಿನ್ ಬಂತು.

ಇನ್ನೆರಡು ಪದ ಬೇಕು. ಎಡಗಡೆ ಪೆಡಲಿನ ಉಲ್ಟಾ ಥ್ರೆಡ್ಡಿಗೆ ಒಂದು. ಅಲ್ಯುಮಿನಿಯಂ ಕ್ರ್ಯಾಂಕ್ ಬಿಚ್ಚುವ ಪುಲ್ಲರ್‌ಗೆ ಒಂದು. ದಯವಿಟ್ಟು ಬೇಗ ತಿಳಿಸಿ.

ಚಿತ್ರದುರ್ಗದಿಂದ, ಶುಕ್ರವಾರ ಬೆಳಿಗ್ಗೆ

ಹೊಸ ಪದ ಕಟ್ಟುವುದೇ ಬೇಕಿಲ್ಲ. ‘ಕಡೆಗೀಲು’ ಇದೆ. ಜೇಡರ ದಾಸಿಮಯ್ಯನ ವಚನದಲ್ಲಿ ಬಂಡಿಗೆ ಆಧಾರ ಎನಿಸಿಕೊಂಡ ಪದ ಅದು. ನಮ್ಮ ಹಳ್ಳಿಗಳಲ್ಲಿ ಈಗಲೂ ಕಡಾಣಿ ಎನ್ನುತ್ತಾರೆ. ಎತ್ತಿನ ಗಾಡಿಯ ಅಚ್ಚಿನ ತುದಿಗೆ ಅದನ್ನು ಹಾಕದೆ ಯಾರೂ ಗಾಡಿ ಹೂಡುವುದಿಲ್ಲ. ಅಚ್ಚು, ಗಾಲಿ, ಕಡೆಗೀಲು ಎಲ್ಲ ನಮ್ಮಲ್ಲಿರುವಾಗ ಕಾಟರ್ ಯಾಕೆ? ಸೈಕಲ್ಲೂ ಗಾಡಿಯೇ ಅಲ್ವಾ.

ಹರಿಹರದಿಂದ, ಶುಕ್ರವಾರ ಮಧ್ಯಾಹ್ನ

ಕಾಟರ್ ಅಂದರೆ ಕಾಟರ್. ಅಂಗಡಿಗೆ ಹೋಗಿ ಕಡೆಗೀಲು ಕೊಡಿ ಅಂದರೆ ಎತ್ತಿನ ಗಾಡಿ ಸಾಮಾನು ಇಲ್ಲಿ ಸಿಗಲ್ಲ ಅಂತಾರೆ. ನಾನು ಲೇತ್ ಮುಂದೆ ನಿಂತು ಬದುಕಿದವನು. ಚೈನ್, ಬ್ರೇಕ್, ಟ್ಯೂಬ್, ಪಂಚರ್ ಯಾವುದನ್ನು ಬದಲಾಯಿಸಿದಿರಿ? ಚಾವಿ ಪೋರ್ಚುಗೀಸರದ್ದು. ಪಗಾರವೂ ಅವರದ್ದೇ. ಕುರ್ಚಿ ಅರಬ್ಬಿಯಿಂದ ಬಂತು. ಮಿಲ್ಲಿನವರು ಯಾರಾದರೂ ಪಗಾರ ಬೇರೆ ಭಾಷೆಯದ್ದು, ಬೇಡ ಅಂದರೇ? ಫ್ಲೆಕ್ಸಿನಲ್ಲಿ ಅಳತೆ ದೊಡ್ಡದಾಗಿ ಬರೆಯಿರಿ. ಬ್ರಿಟಿಷ್ ಮಾದರಿಗೆ 9.5 ಮಿ.ಮೀ., ಫ್ರಾನ್ಸ್ ಕಡೆಯ ಕೆಲವಕ್ಕೆ 9 ಮಿ.ಮೀ. ಅಷ್ಟು ಸಾಕು.

ಬೆಂಗಳೂರಿನಿಂದ, ಶುಕ್ರವಾರ ಸಂಜೆ

ಕೀಲು ಸಂಸ್ಕೃತದ ‘ಕೀಲ’. ಅದು ಬೇಡ. ‘ಬೆಣೆ’ ಇದೆಯಲ್ಲ! ಗುದ್ದಲಿ ಕಾವು ಸಡಿಲವಾದರೆ ಏನು ಹೊಡೆಯುತ್ತೀರಿ? ಒಂದು ಕಡೆ ದಪ್ಪ, ಒಂದು ಕಡೆ ತೆಳು, ಸಂದಿಗೆ ಬಡಿದಷ್ಟೂ ಬಿಗಿ. ಕೇಳಿದವರು ಹೇಳಿದ ಓರೆ ಮಗ್ಗುಲಿನ ಕಡ್ಡಿ ಅದೇ.

ಉಲ್ಟಾ ಥ್ರೆಡ್ಡಿಗೆ ‘ಎಡಮುರಿ’. ಶಂಖದಲ್ಲಿ ಎಡಮುರಿ, ಬಲಮುರಿ ಎಂದು ಹೇಳುತ್ತಲೇ ಇದ್ದೇವೆ. ಕ್ರ್ಯಾಂಕಿಗೆ ‘ತುಳಿಗೋಲು’, ಪುಲ್ಲರ್‌ಗೆ ‘ಕೀಳುಗ’. ಹರಿಹರದ ಸರ್ ಹೇಳಿದ ವಾದ ಸೋಮಾರಿತನದ್ದು. ಬಂದ ಪದವನ್ನು ಬಿಡಬೇಡಿ ಎನ್ನುವುದು ಬೇರೆ, ಇರುವ ಪದವನ್ನು ಮೂಲೆಗೆ ತಳ್ಳುವುದು ಬೇರೆ.

ಚಿತ್ರದುರ್ಗದಿಂದ, ಶುಕ್ರವಾರ ರಾತ್ರಿ

‘ಕೀಳುಗ’ ಆಗದು. ಕೀಳು ಮನುಷ್ಯ ಎಂದು ಕೇಳಿಸುತ್ತದೆ.

ಕೀಲು ಸಂಸ್ಕೃತ ಎಂದು ಕಡೆಗೀಲನ್ನು ಹೊರಗೆ ಹಾಕುವುದೂ ಸರಿಯಲ್ಲ. ಆದೇಶ ಸಂಧಿ ಆಗಿ ಕಕಾರ ಗಕಾರವಾಗಿದೆ. ಅಂದರೆ ಆ ಪದ ನಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಕೂತು ಶತಮಾನಗಳಾದವು. ಎಲ್ಲಿ ಹುಟ್ಟಿತು ಎನ್ನುವುದಕ್ಕಿಂತ ಇಲ್ಲಿ ಹೇಗೆ ನಡೆದುಕೊಂಡಿದೆ ನೋಡಿ.

ಮೈಸೂರಿನಿಂದ, ಶನಿವಾರ ಬೆಳಿಗ್ಗೆ

ಹೊರಗಿನದು, ಒಳಗಿನದು ಎಂದು ಜಗಳವಾಡುತ್ತಿದ್ದೀರಿ. ಸೈಕಲ್ ಪದದ ಹಿಂದಿರುವುದು ಗ್ರೀಕಿನ ‘ಕುಕ್ಲೋಸ್’. ಅದಕ್ಕೂ ಸಂಸ್ಕೃತದ ಚಕ್ರಕ್ಕೂ ಬೇರು ಒಂದೇ. ಕ್ರ್ಯಾಂಕ್ ಪದ ಹಳೆಯ ಇಂಗ್ಲಿಷಿನಲ್ಲಿ ಸಿಗುವುದು ನೇಕಾರರ ಒಂದು ಸಾಧನದ ಹೆಸರಿನಲ್ಲಿ. ಬಾಗು, ಮಡಚು ಎಂಬುದು ಅದರ ಮೂಲ ಭಾವ. ಹಾಗಾಗಿ ‘ತುಳಿಗೋಲು’ ತಪ್ಪು. ತುಳಿಯುವುದು ಪೆಡಲನ್ನು. ಕ್ರ್ಯಾಂಕ್ ‘ಬಾಗುಗೋಲು’ ಆಗಬೇಕು.

ದಾವಣಗೆರೆಯಿಂದ, ಶನಿವಾರ ಮಧ್ಯಾಹ್ನ

ಎಲ್ಲರಿಗೂ ತುಂಬ ಧನ್ಯವಾದ. ಬಂದ ಉತ್ತರಗಳನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಮೈಸೂರಿನ ಮೇಡಂ, ಕ್ರ್ಯಾಂಕನ್ನು ಕ್ರ್ಯಾಂಕ್ ಎಂದೇ ಬಿಡುತ್ತೇನೆ. ಆ ಪದದಲ್ಲಿ ಯಾರಿಗೂ ಗೊಂದಲ ಇಲ್ಲ.

ಕಡೆಗೀಲು ಕೇಳಿ ಮಾವನಿಗೆ ಖುಷಿಯಾಯಿತು. ಆದರೂ ಒಪ್ಪಲಿಲ್ಲ. ಗಾಡಿಯ ಕಡಾಣಿ ಗಾಲಿ ಜಾರಿಹೋಗದ ಹಾಗೆ ಅಡ್ಡ ನಿಲ್ಲುತ್ತದೆ, ಗಾಲಿ ತನ್ನ ಪಾಡಿಗೆ ಅಚ್ಚಿನ ಮೇಲೆ ಸುತ್ತುತ್ತದೆ. ಕಾಟರ್ ಕೆಲಸ ಅದಲ್ಲ. ಕ್ರ್ಯಾಂಕ್ ಆಕ್ಸಲ್ ಮೇಲೆ ಸುತ್ತಲೇಬಾರದು. ಎರಡನ್ನೂ ಕಚ್ಚಿಸಿ ಒಂದೇ ಮಾಡಬೇಕು. ತುಳಿಯುವ ಭಾರವೆಲ್ಲ ಆ ಓರೆಯ ಮೇಲೆ ಬೀಳುತ್ತದೆ. ಹಾಗಾಗಿ ಅದು ಬೆಣೆಯೇ.

ಹರಿಹರದ ಸರ್, ಅಳತೆಯೊಂದೇ ಸಾಕಾಗುವುದಿಲ್ಲ. ಹೆಸರು ತಪ್ಪಿದರೆ ಕೈಯೂ ತಪ್ಪುತ್ತದೆ, ಇದನ್ನು ನಾನು ಶಾಪಿನಲ್ಲಿ ದಿನಾ ನೋಡುತ್ತೇನೆ. ಪಿನ್ ಎಂದು ಕಲಿತ ಹುಡುಗ ಅದನ್ನು ತೂರಿಸಿ ನಟ್ಟು ಬಿಗಿಯುತ್ತಾನೆ. ನಟ್ಟಿನ ಬಲಕ್ಕೆ ಅದು ಪೂರ್ತಿ ಒಳಗೆ ಬರುವುದಿಲ್ಲ. ಇನ್ನೂ ಬಿಗಿದರೆ ಥ್ರೆಡ್ ಹೋಗುತ್ತದೆ. ನಾಲ್ಕು ದಿನಕ್ಕೆ ಕ್ರ್ಯಾಂಕ್ ಲಟಲಟ ಎನ್ನುತ್ತದೆ. ಇದು ಬೆಣೆ ಕಣಪ್ಪಾ ಎಂದು ನಿನ್ನೆ ಹೇಳಿದೆ. ಅವನು ಕೇಳಿದ ಮೊದಲ ಮಾತು, ‘ಹಂಗಾದ್ರೆ ಮೊದ್ಲು ಹೊಡಿಬೇಕು, ಆಮೇಲೆ ನಟ್ಟು ಅಲ್ವಾ ಅಣ್ಣ?’ ಇನ್ನೇನು ಬೇಕು! ನೇಗಿಲು, ಗುದ್ದಲಿ ನೋಡಿದ ಮನೆಯ ಹುಡುಗ ಅವನು.

ಆದರೆ ಬರೀ ‘ಬೆಣೆ’ ಎಂದು ಬರೆಯಲು ಆಗಲಿಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿದವರು ಅದನ್ನು ಎಲ್ಲ ಕಡೆ ‘ಬೆಣ್ಣೆ’ ಎಂದು ತಿದ್ದಿದ್ದರು. ದಾವಣಗೆರೆಯಲ್ಲಿ ಕಣ್ಣು ಹಾಗೇ ಓದುತ್ತದೆ. ಅದಕ್ಕೆ ‘ಕಾಟರ್ ಬೆಣೆ’ ಎಂದು ಮಾಡಿದ್ದೇನೆ. ಅಂಗಡಿಯಲ್ಲಿ ಕೇಳಲು ಕಾಟರ್, ಕೈಗೆ ತಿಳಿಯಲು ಬೆಣೆ. ಎಡಮುರಿ ಹಾಗೇ ಉಳಿಯಿತು, ಬೆಂಗಳೂರಿನ ಸರ್‌ಗೆ ಇದಕ್ಕಾಗಿ ಬೇರೆಯೇ ಧನ್ಯವಾದ.

ಈಗ ಫ್ಲೆಕ್ಸಿನಲ್ಲಿ ಇರುವುದು ಇಷ್ಟು:

‘ಕಾಟರ್ ಬೆಣೆ 9.5 ಅಥವಾ 9 ಮಿ.ಮೀ. ಮೊದಲು ಅಳೆ. ಓರೆ ಮಗ್ಗುಲು ಆಕ್ಸಲ್ಲಿನ ಚಪ್ಪಟೆ ಜಾಗಕ್ಕೆ ಪೂರ್ತಿ ಕೂರದಿದ್ದರೆ ಅರದಿಂದ ಉಜ್ಜು. ಎರಡೂ ಬದಿಯ ಬೆಣೆ ಒಂದಕ್ಕೊಂದು ಉಲ್ಟಾ ಇರಬೇಕು, ಇಲ್ಲದಿದ್ದರೆ ಕ್ರ್ಯಾಂಕ್ ಎರಡೂ ಒಂದೇ ಸಾಲಿಗೆ ಬರುವುದಿಲ್ಲ. ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವಂತೆ ಕಬ್ಬಿಣದ ಪೈಪ್ ಕೊಡು. ಪೆಟ್ಟು ಬಾಲ್ಸ್ ಮೇಲೆ ಬೀಳಬಾರದು. ಆಮೇಲೆ ನಟ್ಟು. ಸ್ವಲ್ಪ ಓಡಿಸಿ ಬಂದು ಮತ್ತೆ ನೋಡು.

ಎಡಗಡೆ ಪೆಡಲ್ ಎಡಮುರಿ. ಬ್ರಿಟಿಷ್ ಮಾದರಿಯ ಬಲಗಡೆ ಬಿ.ಬಿ. (ಬಾಟಮ್ ಬ್ರಾಕೆಟ್, ಕ್ರ್ಯಾಂಕಿನ ಆಕ್ಸಲ್ ಮತ್ತು ಬಾಲ್ಸ್ ಇರುವ ಸೆಟ್) ಕಪ್ ಕೂಡ ಎಡಮುರಿ. ಚೌಕ ಆಕ್ಸಲ್ಲಿನ ಹೊಸ ಬಿ.ಬಿ. ಹಾಕುವ ಮುಂಚೆ ಫ್ರೇಮಿನ ಥ್ರೆಡ್ ಎಣಿಸು. ಇಂಚಿಗೆ 24 ಇದ್ದರೆ ಹೊಸದು ಹಿಡಿಯುತ್ತದೆ. ಹಳೆಯ ರ‍್ಯಾಲೆಯಲ್ಲಿ 26 ಇರುತ್ತದೆ, ಅದಕ್ಕೆ ಬಲವಂತ ಮಾಡಬೇಡ.’

ಉಳಿದಿರುವುದು ಪುಲ್ಲರ್. ಇದರಲ್ಲಿ ನಮಗೆ ಪೆಟ್ಟು ಬಿದ್ದಿದೆ. ಗಿರಾಕಿಯೊಬ್ಬರು ಹೊರದೇಶದಿಂದ ತರಿಸಿದ ಟಿ.ಎ. ಎಂಬ ಫ್ರೆಂಚ್ ಕಂಪನಿಯ ಹಳೆಯ ಕ್ರ್ಯಾಂಕ್ ತಂದಿದ್ದರು. ಪುಲ್ಲರ್ ತಿರುಗಿಸಿ ಕೂರಿಸುವ ಅದರ ಥ್ರೆಡ್ 23 ಮಿ.ಮೀ. ಈಗಿನ ಪುಲ್ಲರ್ 22 ಮಿ.ಮೀ. ಹುಡುಗ ಅದನ್ನೇ ತಿರುಗಿಸಿ ಎಳೆದ. ಕ್ರ್ಯಾಂಕ್ ಬರಲಿಲ್ಲ, ಒಳಗಿನ ಥ್ರೆಡ್ ಕಿತ್ತುಕೊಂಡು ಬಂತು. ಹಳೆಯ ಸ್ಟ್ರಾಂಗ್‌ಲೈಟ್ (ಅದೂ ಫ್ರೆಂಚ್ ಕಂಪನಿ) ಆದರೆ 23.35 ಮಿ.ಮೀ. ಕಣ್ಣಿಗೆ ಮೂರೂ ಒಂದೇ ಥರ. ಆ ಗಿರಾಕಿ ಬೈಯಲಿಲ್ಲ, ಸುಮ್ನೆ ಕ್ರ್ಯಾಂಕ್ ಎತ್ತಿಕೊಂಡು ಹೋದರು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಹಾಗಾಗಿ ಈ ಸಾಲಿಗೆ ಸುಮ್ನೆ ಒಂದು ಪದ ಬೇಡ. ಎಳೆಯುವ ಮೊದಲು ಥ್ರೆಡ್ ಕೂಡಬೇಕು ಎನ್ನುವುದು ಹೆಸರಿನಲ್ಲೇ ತಿಳಿಯಬೇಕು. ‘ಕೀಳುಗ’ದಲ್ಲಿ ಅದು ಇಲ್ಲ. ‘ಎಳೆತಿರುಪು’ ಎಂದು ಮಾವ ಹೇಳುತ್ತಿದ್ದಾರೆ. ಎಳೆಯ ತಿರುಪು ಎಂದು ಓದಿಬಿಟ್ಟರೆ ಎಂಬ ಅನುಮಾನ ನನಗೆ.

ಆ ಒಂದು ಜಾಗ ಖಾಲಿ ಬಿಡಿಸಿದ್ದೇನೆ. ಅಂಗಡಿಯವರು 7 ಗಂಟೆವರೆಗೆ ಕಾಯುತ್ತಾರೆ.