8 ಇಂಚಿನ ಡಾಬ್ ಟೆಲಿಸ್ಕೋಪ್‌ನಲ್ಲಿ ಎಂ51ರ ಸೇತುವೆ ಕಾಣುತ್ತಿಲ್ಲ

ಕಾಳಿದಂಡೆ: ತಲೆ ಕೆಟ್ಟು ಹೋಗಿದೆ. ಎಂ51 ಗೆಲಾಕ್ಸಿ ಜೋಡಿಯಲ್ಲಿ ಎರಡು ಮಸುಕು ಚುಕ್ಕೆ ಬಿಟ್ಟರೆ ಏನೂ ಇಲ್ಲ. ಗೆಲಾಕ್ಸಿಗಳ ನಡುವಿನ ಸೇತುವೆಯೂ ಇಲ್ಲ, ಸುರುಳಿಯೂ ಇಲ್ಲ. ಹಸ್ತ ನಕ್ಷತ್ರದ ಪಕ್ಕದ ಆಂಟೆನೇ ಗೆಲಾಕ್ಸಿ ಜೋಡಿಯಂತೂ ಸಿಗಲೇ ಇಲ್ಲ. ಹೋದ ವರ್ಷ ಇದೇ ತಾರಸಿಯಿಂದ ಎಲ್ಲ ಚೆನ್ನಾಗಿ ಕಾಣುತ್ತಿತ್ತು.

ಕುಮಟಾ_10ಇಂಚು: ಕೊಲಿಮೇಶನ್ (ಕನ್ನಡಿಗಳ ಜೋಡಣೆ) ಹೋಗಿದೆ. ಲೇಸರ್ ಹಾಕಿ ನೋಡಿ.

ಕಾಳಿದಂಡೆ: ಹಾಕಿದೆ. ಸರಿಯಾಗಿದೆ.

ಕುಮಟಾ_10ಇಂಚು: ಲೇಸರೇ ಸೊಟ್ಟ ಇರಬಹುದು. ಫೋಕಸರ್‌ನಲ್ಲಿ ತಿರುಗಿಸಿ. ಚುಕ್ಕೆ ಸುತ್ತು ಹೊಡೆದರೆ ನಂಬಬೇಡಿ.

ಘಟ್ಟದ_ಮೇಲೆ: ಕೊಲಿಮೇಶನ್ ತುಸು ತಪ್ಪಿದರೆ ಗುರುವಿನ ಪಟ್ಟೆ ಕೆಡುತ್ತದೆ, ಕಡಿಮೆ ಪವರ್‌ನಲ್ಲಿ ಗೆಲಾಕ್ಸಿ ಮಾಯ ಆಗೋದಿಲ್ಲ. ಶಿರಸಿಯ ನಮ್ಮ ತೋಟದಲ್ಲಿ 12 ಇಂಚಿಗೆ ಆಂಟೆನೇ ಸಿಗಡಿಯಂತೆ ಬಾಗಿ ಕಾಣುತ್ತದೆ. ಆ ಜೋಡಿಯ ಉದ್ದ ಬಾಲಗಳೂ ಕಂಡಿವೆ.

ಹೊನ್ನಾವರ_ರಾತ್ರಿ: ಬಾಲ ಕಂಡಿತು ಅನ್ನೋದನ್ನು ನಾನು ಒಪ್ಪೋದಿಲ್ಲ. ಅವು ತುಂಬಾ ತೆಳು. 1972ರಲ್ಲಿ ವಿಜ್ಞಾನಿಗಳಾದ ಟೂಮ್ರೆ ಸಹೋದರರು ಗುರುತ್ವದಿಂದಲೇ ಅಂಥ ಬಾಲ ಎಳೆಯಲ್ಪಡುತ್ತದೆ ಎಂದು ಕಂಪ್ಯೂಟರ್‌ನಲ್ಲಿ ತೋರಿಸಿದರು. ಆ ಚಿತ್ರ ನೋಡಿದ ಮೇಲೆ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ.

ಘಟ್ಟದ_ಮೇಲೆ: ಅಮಾವಾಸ್ಯೆಗೆ ಬನ್ನಿ, ತೋರಿಸುತ್ತೇನೆ.

ಹೊನ್ನಾವರ_ರಾತ್ರಿ: ಬರುತ್ತೇನೆ. ಕಾಳಿದಂಡೆಯವರೇ, ದೊಡ್ಡ ನಕ್ಷತ್ರದ ಸುತ್ತ ಮಂಜಿನ ಬಳೆ ಇದೆಯಾ? ಟೆಲಿಸ್ಕೋಪ್ ಎಲ್ಲಿ ಇಡುತ್ತೀರಿ?

ಕಾಳಿದಂಡೆ: ಬಳೆ ಇದೆ. ಫಂಗಸ್ ಬರಬಾರದು ಅಂತ ಈ ವರ್ಷ ಎಸಿ ರೂಮಿನಲ್ಲಿ ಇಟ್ಟಿದ್ದೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಹೊನ್ನಾವರ_ರಾತ್ರಿ: ಅದೇ ಸಂಬಂಧ! ತಣ್ಣಗಿನ ಕನ್ನಡಿಗೆ ಕರಾವಳಿಯ ಗಾಳಿ ತಾಗಿದ ಕೂಡಲೇ ತೇವ ಕೂರುತ್ತದೆ. ನಕ್ಷತ್ರ ಉಳಿಯುತ್ತದೆ, ತೆಳು ಬೆಳಕು ಹೋಗುತ್ತದೆ. ಟಾರ್ಚ್ ಹಿಡಿದು ಮುಖ್ಯ ಕನ್ನಡಿ ನೋಡಿ. ಬಟ್ಟೆಯಿಂದ ಮಾತ್ರ ಒರೆಸಬೇಡಿ, ಲೇಪನ ಗೀರುತ್ತದೆ. ಸಂಜೆಯೇ ಮುಚ್ಚಳ ಹಾಕಿ ಹೊರಗಿಡಿ. ಫಂಗಸ್‌ಗೆ ಗಟ್ಟಿ ಪೆಟ್ಟಿಗೆ, ಸಿಲಿಕಾ ಜೆಲ್ ಸಾಕು.

ಕುಮಟಾ_10ಇಂಚು: ಲೇಸರ್ ತಿರುಗಿಸಿದಿರಾ?

ಕಾಳಿದಂಡೆ: ತಿರುಗಿಸಿದೆ, ಚುಕ್ಕೆ ಕದಲಲಿಲ್ಲ. ಕನ್ನಡಿ ಪೂರ್ತಿ ಮಬ್ಬಾಗಿತ್ತು. ನಿನ್ನೆ ಸಂಜೆಯೇ ಹೊರಗಿಟ್ಟೆ. ಬಳೆ ಹೋಯಿತು, ಎಂ51ರ ದೊಡ್ಡ ಗೆಲಾಕ್ಸಿಯ ಸುತ್ತ ಹೊಗೆಯಂಥ ಬೆಳಕು ಬಂತು. ಸೇತುವೆ ಒಮ್ಮೆ ಇದೆ, ಒಮ್ಮೆ ಇಲ್ಲ. ಆಂಟೆನೇ ಇನ್ನೂ ಸಿಕ್ಕಿಲ್ಲ.

ಹೊನ್ನಾವರ_ರಾತ್ರಿ: ಕಾರವಾರದ ಕೋಡಿಬಾಗದ ಕಡೆಯವರಾ? ಹಾಗಿದ್ದರೆ ಎಂ51 ಉತ್ತರಕ್ಕೆ, ಕಾಳಿ ನದಿಯ ಮೇಲೆ. ಆಂಟೆನೇ ದಕ್ಷಿಣಕ್ಕೆ, ಊರು ಮತ್ತು ಬಂದರಿನ ಬೆಳಕಿನ ಮೇಲೆ. ಹಸ್ತದ ವಾಯವ್ಯ ಮೂಲೆಯ ನಕ್ಷತ್ರದಿಂದ ನೈಋತ್ಯಕ್ಕೆ ಸುಮಾರು 3.5 ಡಿಗ್ರಿ ಇಳಿಯಿರಿ. ಹತ್ತು ಗಂಟೆಯ ನಂತರ ನೋಡಿ, 10 ಎಂಎಂ ಐಪೀಸ್ ಹಾಕಿ, ಓರೆಗಣ್ಣಲ್ಲಿ.

ಘಟ್ಟದ_ಮೇಲೆ: ಅದಕ್ಕಿಂತ ಡಾಬ್ ಕಾರಿಗೆ ಹಾಕಿ ಇಬ್ಬರೂ ಶಿರಸಿಗೇ ಬನ್ನಿ. ಎಸಿ ಮಾತ್ರ ಹಾಕಬೇಡಿ.