ಆಂಕ್ಸೈಟಿ ಸ್ಕ್ರೀನಿಂಗ್: ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

> 8ರಿಂದ 18 ವರ್ಷದ ಮಕ್ಕಳಿಗೆ ಕೊಡುವ ಪ್ರಶ್ನಾವಳಿ. ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ತಲೆಬರಹ 'ಆತಂಕ ರೋಗ ಪತ್ತೆ ಪರೀಕ್ಷೆ' ಅಂತ ಹಾಕಿದ್ದೇನೆ. ಸರಿಯಾ?

ಸರಿಯಿಲ್ಲ. 'ಆತಂಕ' ಇರಲಿ. ಉಳಿದ ಮೂರೂ ಹೋಗಲಿ, ಬದಲಿಗೆ 'ತಪಾಸಣೆ' ಬರಲಿ.

ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಇದೇ ವಯಸ್ಸಿನವರಿಗೆ ಆತಂಕದ ಸ್ಕ್ರೀನಿಂಗ್ (ತೊಂದರೆ ಇರಬಹುದಾದವರನ್ನು ಮೊದಲೇ ಗುರುತಿಸುವುದು) ಮಾಡಿ ಅಂದಿತು, ಲಕ್ಷಣ ಕಾಣದಿದ್ದರೂ. ಚೆನ್ನಾಗಿ ಆಡಿಕೊಂಡಿರುವ ಮಗುವಿನ ಕೈಗೆ 'ರೋಗ' ಅಂತ ಬರೆದ ಹಾಳೆ ಕೊಡ್ತೀರಾ? 'ಪತ್ತೆ'ಯೂ ಆಗಿರುವುದಿಲ್ಲ. ಮಕ್ಕಳ ಆತಂಕ ಅಳೆಯುವ ಸ್ಕೇರ್ಡ್ (SCARED) ಪ್ರಶ್ನಾವಳಿಯನ್ನೇ ನೋಡಿ. 41 ಸಾಲು, ಒಂದೊಂದಕ್ಕೂ 0, 1 ಇಲ್ಲವೇ 2. ಮಗುವಿಗೊಂದು ಹಾಳೆ, ಅಪ್ಪ ಅಮ್ಮನಿಗೊಂದು. ಒಟ್ಟು 25 ಮುಟ್ಟಿದರೆ ತೊಂದರೆ ಇರಬಹುದು ಅಂತಷ್ಟೇ. ಆಮೇಲೆ ತಿಳಿದವರು ಮಗುವನ್ನು ಕೂರಿಸಿಕೊಂಡು ಮಾತಾಡಿಸಬೇಕು. ಇನ್ನು 'ಪರೀಕ್ಷೆ' ಅಂದರೆ ಮಗು ಸರಿ ಉತ್ತರ ಯಾವುದು ಅಂತ ಪಕ್ಕದವಳ ಹಾಳೆ ಇಣುಕುತ್ತದೆ. ಪರೀಕ್ಷೆ ಅಂದ ಕೂಡಲೇ ಹೊಟ್ಟೆನೋವು ಬರುವ ಮಗು ಪೆನ್ಸಿಲ್ಲನ್ನೇ ಮುಟ್ಟುವುದಿಲ್ಲ.

> 'ಜರಡಿ' ಅನ್ನಿ. ನಮ್ಮದೇ ಪದ. 'ತಪಾಸಣೆ' ಮರಾಠಿ ಕಡೆಯಿಂದ ಬಂದದ್ದು.

ಬಂದರೇನಂತೆ? ಕಣ್ಣಿನ ತಪಾಸಣೆ, ಹಲ್ಲಿನ ತಪಾಸಣೆ ಅನ್ನುವಾಗ ಯಾರಿಗೆ ಮರಾಠಿ ನೆನಪಾಗುತ್ತದೆ? ಜರಡಿ ಅರ್ಥಕ್ಕೇನೋ ಹತ್ತಿರ, ಒಪ್ಪಿದೆ. ಆದರೆ ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿಯುವುದು ತೌಡು, ಅದನ್ನು ಆಚೆ ಹಾಕುತ್ತೇವೆ. ಇಲ್ಲಿ ಮೇಲೆ ಉಳಿದ ಮಗುವನ್ನೇ ಜಾಸ್ತಿ ನೋಡಿಕೊಳ್ಳಬೇಕಾದ್ದು. ಆ ಪದ ಬೇಡವೇ ಬೇಡ.

> 'ಆತಂಕ' ಸಂಸ್ಕೃತ. ಮೇಲಾಗಿ ಅಡ್ಡಿ ಅಂತ ಅರ್ಥ. 'ದಿಗಿಲು' ಸಾಕು.

'ಅಡ್ಡಿ ಆತಂಕ' ಅನ್ನುವಾಗ ಹೌದು. ಆದರೆ 'ಯಾಕೋ ಆತಂಕ ಆಗ್ತಿದೆ' ಅಂದವರನ್ನು ಏನು ಅಡ್ಡ ಬಂತು ಅಂತ ಯಾರೂ ಕೇಳುವುದಿಲ್ಲ ಅಲ್ವಾ? ದಿಗಿಲು ಒಮ್ಮೆಲೇ ಬಡಿದು ಇಳಿಯುತ್ತದೆ. ಪ್ಯಾನಿಕ್ ಅನ್ನುವ ಸಾಲುಗಳಿಗೆ ಅದನ್ನು ಎತ್ತಿಡಿ, ಚೆನ್ನಾಗಿ ಕೂರುತ್ತದೆ. ಆತಂಕ ತಿಂಗಳುಗಟ್ಟಲೆ ಒಳಗೇ ಕೊರೆಯುವಂಥದ್ದು. ಪದದ ಮೂಲ ಹುಡುಕುವವರು ಅದು ಇವತ್ತು ಯಾರ ಬಾಯಲ್ಲಿ ಹೇಗಿದೆ ಅಂತಲೂ ಕೇಳಿಸಿಕೊಳ್ಳಬೇಕು.

ತಲೆಬರಹ ಹೀಗಿರಲಿ: 'ಆತಂಕ: ಮೊದಲ ತಪಾಸಣೆ'. 'ಮೊದಲ' ಬಿಡಬೇಡಿ. ಇನ್ನೊಂದು ಹಂತ ಇದೆ ಅಂತ ಹೇಳುವ ಪದ ಅದೊಂದೇ.

ಒಳಗಿನ ಸಾಲುಗಳಲ್ಲಿ ಮಾತ್ರ 'ಆತಂಕ'ವೂ ಬೇಡ. ಎಂಟು ವರ್ಷದವರಿಗೆ 'ಎದೆ ಡವಡವ ಅನ್ನುತ್ತೆ', 'ಹೊಟ್ಟೆ ತೊಳಸುತ್ತೆ', 'ಅಮ್ಮನನ್ನು ಬಿಟ್ಟಿರೋಕೆ ಭಯ' ಅಂತಲೇ ಬರೆಯಿರಿ. ಉಳಿದ ಸಾಲುಗಳನ್ನೂ ಈಗಲೇ ಕಳಿಸಿ, ಸಂಜೆಯೊಳಗೆ ನೋಡಿಕೊಡುತ್ತೇನೆ.