ಬ್ರೇಕ್ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿದೆ, ಮಾಸ್ಟರ್ ಸಿಲಿಂಡರ್ ಬದಲಾಯಿಸಬೇಕಾ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನ ಹಳೇ ಕಾರಿನಲ್ಲಿ ಒಂದು ತೊಂದರೆ ಶುರುವಾಗಿದೆ. ಸಿಗ್ನಲ್‌ನಲ್ಲಿ ನಿಂತು ಬ್ರೇಕ್ ಮೇಲೆ ಕಾಲನ್ನು ಹಾಗೇ ಒತ್ತಿ ಹಿಡಿದರೆ ಪೆಡಲ್ ನಿಧಾನಕ್ಕೆ ಇಳಿಯುತ್ತಾ ಹೋಗಿ ಕೊನೆಗೆ ನೆಲಕ್ಕೇ ತಾಗುತ್ತದೆ. ಕಾಲೆತ್ತಿ ಇನ್ನೊಮ್ಮೆ ಜೋರಾಗಿ ತುಳಿದರೆ ಮತ್ತೆ ಗಟ್ಟಿ. ಬ್ರೇಕ್ ಆಯಿಲ್ ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ. ನಾಲ್ಕೂ ಚಕ್ರದ ಒಳಬದಿ ನೋಡಿದೆ, ಎಲ್ಲೂ ಒದ್ದೆ ಇಲ್ಲ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದರೂ ಅದೇ ಕಥೆ. ಪ್ಯಾಡ್, ಶೂ ಎಲ್ಲ ನಾನೇ ಬದಲಾಯಿಸುತ್ತೇನೆ, ಆದರೆ ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಇದುವರೆಗೂ ಕೈ ಹಾಕಿಲ್ಲ. ಇದು ಅದರದ್ದೇ ದೋಷನಾ? ಹೊಸದನ್ನು ಕೂರಿಸುವ ಮೊದಲು ಹೊರಗೇ ಅದರ ಗಾಳಿ ತೆಗೆಯಬೇಕು ಅಂತಾರಲ್ಲ, ಅದು ನಿಜಕ್ಕೂ ಬೇಕಾ?

ಎಣ್ಣೆಕೈ:
ಮೊದಲು ಆ ಗಾಡಿ ಓಡಿಸುವುದನ್ನು ನಿಲ್ಲಿಸಿ ಸರ್. ಇವತ್ತು ಎರಡನೇ ಸಲ ತುಳಿದರೆ ಹಿಡಿಯುತ್ತಿದೆ, ಆ ಎರಡನೇ ಸಲ ತುಳಿಯುವುದಕ್ಕೆ ಯಾವಾಗಲೂ ಸಮಯ ಸಿಗುತ್ತದೆ ಅಂತ ಏನೂ ಇಲ್ಲ.

ನೀವು ಹೇಳುತ್ತಿರುವುದು ಸಿಲಿಂಡರ್ ಒಳಗಿನ ರಬ್ಬರ್ ಕಪ್ ಸವೆದಾಗ ಕಾಣುವ ಲಕ್ಷಣವೇ. ಪಿಸ್ಟನ್ ಮುಂದೆ ಹೋಗುವಾಗ ಆಯಿಲ್ ಪೂರ್ತಿ ಪೈಪಿಗೆ ಹೋಗಬೇಕು. ಕಪ್ಪಿನ ಅಂಚು ಸವೆದಿದ್ದರೆ ಅದರ ಪಕ್ಕದಿಂದಲೇ ಹಿಂದಕ್ಕೆ ನುಸುಳಿ ಮತ್ತೆ ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿಗೆ ಸೇರುತ್ತದೆ. ಅದಕ್ಕೇ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಜೋರಾಗಿ ತುಳಿದಾಗ ಒತ್ತಡಕ್ಕೆ ಕಪ್ ಅರಳಿಕೊಂಡು ಗೋಡೆಗೆ ಅಂಟುತ್ತದೆ, ಆಗ ಪೆಡಲ್ ಗಟ್ಟಿ ಅನಿಸುತ್ತದೆ. ಮೆಲ್ಲಗೆ ಒತ್ತಿ ಹಿಡಿದರೆ ಮಾತ್ರ ನುಸುಳುತ್ತದೆ.

ಆದರೂ ಬದಲಾಯಿಸುವ ಮೊದಲು ಖಾತ್ರಿ ಮಾಡಿಕೊಳ್ಳಿ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ತುಳಿದು ಬೂಸ್ಟರ್‌ನ (ಎಂಜಿನ್ ವ್ಯಾಕ್ಯೂಮ್‌ನಿಂದ ಕಾಲಿನ ಒತ್ತಡ ಹೆಚ್ಚಿಸುವ ಭಾಗ) ವ್ಯಾಕ್ಯೂಮ್ ಖಾಲಿ ಮಾಡಿ, ಆಮೇಲೆ ಕಾಲು ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ನಿಂತರೆ ಅದು ಬೂಸ್ಟರ್ ಕೆಲಸ ಮಾಡುತ್ತಿರುವ ಗುರುತು, ದೋಷ ಅಲ್ಲ. ನಿಲ್ಲದೆ ಇಳಿಯುತ್ತಲೇ ಹೋದರೆ ಮಾತ್ರ ಚಿಂತೆ. ಇನ್ನೂ ಅನುಮಾನ ಇದ್ದರೆ ಪೈಪ್ ಬಿಚ್ಚಿ ಸಿಲಿಂಡರ್‌ನ ತೂತುಗಳಿಗೆ ಅದರದ್ದೇ ಥ್ರೆಡ್‌ನ ಪ್ಲಗ್ ಹಾಕಿ ತುಳಿದು ನೋಡಿ. ಪೆಡಲ್ ಕಲ್ಲಿನ ಹಾಗೆ ನಿಂತರೆ ಸಿಲಿಂಡರ್ ಸರಿಯಾಗಿದೆ, ದೋಷ ಮುಂದೆ ಎಲ್ಲೋ ಇದೆ. ಆಗಲೂ ಇಳಿದರೆ ಸಿಲಿಂಡರೇ ಹೋಗಿದೆ. ಪೈಪ್ ಬಿಚ್ಚಿದ್ದರಿಂದ ಗಾಳಿ ಹೇಗೂ ತೆಗೆಯಬೇಕಾಗುತ್ತದೆ, ಆದರೆ ಇದಕ್ಕಿಂತ ಖಚಿತವಾದ ಪರೀಕ್ಷೆ ಇಲ್ಲ.

ಸ್ಪ್ಯಾನರ್‌ಬಾಬು:
ಹೊರಗೇ ಗಾಳಿ ತೆಗೆಯುವುದು ಬೇಕೇ ಬೇಕು. ಒಳಗೆ ಎರಡು ಪಿಸ್ಟನ್ ಒಂದರ ಹಿಂದೆ ಒಂದು ಇರುತ್ತವೆ. ಒಣ ಸಿಲಿಂಡರನ್ನು ಹಾಗೇ ಕೂರಿಸಿದರೆ ಅವುಗಳ ಮಧ್ಯೆ ಸಿಕ್ಕಿಕೊಂಡ ಗಾಳಿ ಚಕ್ರದ ತನಕ ಹೋಗುವಷ್ಟರಲ್ಲಿ ಲೀಟರ್‌ಗಟ್ಟಲೆ ಆಯಿಲ್ ಸುಮ್ನೆ ವ್ಯರ್ಥ.

ಸಿಲಿಂಡರ್‌ನ ಬೋಲ್ಟ್ ಹಾಕುವ ಕಿವಿಯನ್ನು ವೈಸ್‌ನಲ್ಲಿ ಹಿಡಿಸಿ. ಮೈಗೆ ವೈಸ್ ಬಿಗಿದರೆ ಪಿಸ್ಟನ್ ಓಡಾಡುವ ಒಳಗಿನ ಬೋರ್ ಸೊಟ್ಟಾಗುತ್ತದೆ. ಸಿಲಿಂಡರ್ ಮಟ್ಟವಾಗಿ ಇರಲಿ. ಎರಡು ತೂತಿಗೂ ಸಣ್ಣ ಟ್ಯೂಬ್ ಹಾಕಿ, ಇನ್ನೊಂದು ತುದಿಯನ್ನು ಡಬ್ಬಿಯೊಳಗೆ ಆಯಿಲ್‌ನಲ್ಲಿ ಮುಳುಗಿಸಿ. ತುದಿ ಮೊಂಡಾದ ಕಡ್ಡಿಯಿಂದ ಪಿಸ್ಟನ್ ನಿಧಾನವಾಗಿ ಒತ್ತಿ, ಅದಕ್ಕಿಂತ ನಿಧಾನವಾಗಿ ಬಿಡಿ. ಮೊದಲು ದೊಡ್ಡ ಗುಳ್ಳೆಗಳು ಬುಳಬುಳ ಬರುತ್ತವೆ, ಆಮೇಲೆ ಸಾಸಿವೆಯಷ್ಟು ಸಣ್ಣವು, ಆಮೇಲೆ ಅವೂ ನಿಲ್ಲುತ್ತವೆ. ಗುಳ್ಳೆ ನಿಂತ ಮೇಲೆ ಪಿಸ್ಟನ್ ತುಂಬಾ ಬಿಗಿಯಾಗುತ್ತದೆ, ಸ್ವಲ್ಪ ಮಾತ್ರ ಒಳಗೆ ಹೋಗುತ್ತದೆ. ಅಲ್ಲಿಯವರೆಗೂ ಬಿಡಬೇಡಿ.

ಪೈಪಿನ ನಟ್‌ಗೆ ಸಾಮಾನ್ಯ ಪಾನಾ ಹಾಕಬೇಡಿ, ಮೂಲೆ ಸವೆದರೆ ಪೈಪೇ ಬದಲಾಯಿಸಬೇಕಾಗುತ್ತದೆ. ನಟ್ಟನ್ನು ಸುತ್ತುಗಟ್ಟಿ ಹಿಡಿಯುವ ಫ್ಲೇರ್ ಸ್ಪ್ಯಾನರ್ ತಗೊಳ್ಳಿ. ಹಾಕುವಾಗ ಸಿಲಿಂಡರ್ ಇನ್ನೂ ಸಡಿಲವಾಗಿ ಇರುವಾಗಲೇ ಪೈಪಿನ ನಟ್‌ಗಳನ್ನು ಬೆರಳಲ್ಲಿ ಎರಡು ಮೂರು ಸುತ್ತು ಹತ್ತಿಸಿ. ಹಾಗೆ ಮಾಡಿದರೆ ಥ್ರೆಡ್ ಅಡ್ಡ ಕೂರುವುದಿಲ್ಲ.

ಡಾಟ್ ಅಂದರೆ ಬ್ರೇಕ್ ಆಯಿಲ್‌ನ ದರ್ಜೆ. ಆಯಿಲ್ ಡಾಟ್ 3 ಇರಲಿ, ಡಾಟ್ 4 ಇರಲಿ, ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ, ಹೊಸದಾಗಿ ತೆರೆದ ಡಬ್ಬಿಯದೇ ಆಗಲಿ. ಈ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು, ತೇವ ಸೇರಿದ ಮೇಲೆ ಅದಕ್ಕೆ ಇರುವ ಮಿತಿ 155 ಮಾತ್ರ. ಡಾಟ್ 5 ಅಂತ ಬರೆದಿರುವುದು ಸಿಲಿಕೋನ್, ಅದನ್ನು ಇದರ ಜೊತೆ ಬೆರೆಸಲೇಬೇಡಿ. ಎಂಜಿನ್ ಆಯಿಲ್ ತಪ್ಪಿ ಬಿದ್ದರಂತೂ ಎಲ್ಲ ರಬ್ಬರ್ ಊದಿಕೊಳ್ಳುತ್ತದೆ. ಪೇಂಟ್ ಮೇಲೆ ಚೆಲ್ಲಿದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಹಾಕಿ ತೊಳೆಯಿರಿ.

ಹಳೇಗಾಡಿ:
ತುಂಬಾ ಥ್ಯಾಂಕ್ಸ್. ಪ್ಲಗ್ ಹಾಕಿ ನೋಡಿದೆ, ಆಗಲೂ ಇಳಿಯಿತು, ಹಾಗಾಗಿ ಅನುಮಾನವೇ ಇಲ್ಲ. ಸಿಲಿಂಡರ್ ಹೊರಗೆ ತೆಗೆದಾಗ ಬೂಸ್ಟರ್‌ಗೆ ಸೇರುವ ಜಾಗದಲ್ಲಿ ತೆಳ್ಳಗೆ ಒದ್ದೆಯಿತ್ತು. ಅಲ್ಲದೆ ಬೂಸ್ಟರ್ ಮಧ್ಯದಿಂದ ಒಂದು ಕಡ್ಡಿ ಹೊರಗೆ ಬಂದಿದೆ, ಅದರ ತುದಿಯಲ್ಲಿ ತಿರುಗಿಸುವ ನಟ್ ಇದೆ. ಅದನ್ನೇನಾದರೂ ಮಾಡಬೇಕಾ? ನನ್ನದು ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿ.

ಎಣ್ಣೆಕೈ:
ಒದ್ದೆ ಇದೆ ಅಂದ್ರೆ ಹಿಂದಿನ ಸೀಲೂ ಸೋರಲು ಶುರುವಾಗಿತ್ತು. ಬೂಸ್ಟರ್ ಒಳಗೆ ಬಟ್ಟೆ ತೂರಿಸಿ ನೋಡಿ. ತೇವ ಮಾತ್ರ ಆದರೆ ಒರೆಸಿದರೆ ಸಾಕು. ಆಯಿಲ್ ನಿಂತಿದ್ದರೆ ಒಳಗಿನ ರಬ್ಬರ್ ಪರದೆ ಹಾಳಾಗುತ್ತದೆ, ಬೂಸ್ಟರನ್ನೂ ನೋಡಬೇಕಾಗುತ್ತದೆ. ಎರಡರ ಮಧ್ಯದ ರಬ್ಬರ್ ರಿಂಗ್ ಹೊಸದೇ ಹಾಕಿ.

ಆ ಕಡ್ಡಿಯ ವಿಷಯದಲ್ಲಿ ಎಚ್ಚರ. ಹೊಸ ಸಿಲಿಂಡರ್‌ನ ಪಿಸ್ಟನ್‌ಗೂ ಕಡ್ಡಿಗೂ ಮಧ್ಯೆ ಕೂದಲೆಳೆಯಷ್ಟು ಸಂದು ಇರಬೇಕು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಅಳತೆ ಕೊಟ್ಟಿರುತ್ತಾರೆ. ಕಡ್ಡಿ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಆಮೇಲೆ ಓಡುತ್ತಾ ಓಡುತ್ತಾ ಬ್ರೇಕ್ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಗಿಡ್ಡವಾದರೆ ಪೆಡಲ್ ಅರ್ಧ ದಾರಿ ಹೋದ ಮೇಲೆ ಹಿಡಿಯುತ್ತದೆ.

ಇನ್ನು ಚಕ್ರಗಳ ಗಾಳಿ ತೆಗೆಯುವ ಕ್ರಮ ಎಲ್ಲ ಗಾಡಿಗೂ ಒಂದೇ ಅಲ್ಲ, ಅದನ್ನೂ ಪುಸ್ತಕದಲ್ಲೇ ನೋಡಿ. ಡಬ್ಬಿ ಖಾಲಿಯಾಗಲು ಬಿಡಬೇಡಿ. ಗಾಳಿ ಎಬಿಎಸ್ ಯೂನಿಟ್ ಒಳಗೆ ಸೇರಿಕೊಂಡರೆ ಬಹಳ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸಿಯೇ ತೆಗೆಯಬೇಕು. ಅಷ್ಟು ಮಾಡಿದರೂ ಪೆಡಲ್ ಸ್ಪಂಜಿನ ಹಾಗೇ ಇದ್ದರೆ ಆ ಹಂತಕ್ಕೆ ಮಾತ್ರ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ.

ಎಲ್ಲ ಆದ ಮೇಲೆ ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು ಒಂದು ನಿಮಿಷ ಕಾಯಿರಿ, ಇಳಿಯಬಾರದು. ಪ್ರತಿ ಪೈಪಿನ ನಟ್‌ಗೂ ಒಣ ಬಟ್ಟೆ ಸುತ್ತಿ ನೋಡಿ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಚಕ್ರಗಳು ಜಾಸ್ತಿ ಬಿಸಿ ಇದ್ದರೆ, ರಸ್ತೆಗೆ ಇಳಿಸುವ ಮೊದಲು ಆ ಕಡ್ಡಿಯ ಸಂದನ್ನು ಇನ್ನೊಮ್ಮೆ ಅಳೆಯಿರಿ.